ಉಡುಗೆ ಸಾದಾ, ತೊಡುಗೆ ಜಾಣ: ಫ್ರೆಂಚ್ ಹೆಂಗಸರ ಶೈಲಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮೂರು ವರ್ಷ ಫ್ರಾನ್ಸಿನ ಲಿಯೋನ್ ನಗರದಲ್ಲಿದ್ದು ಬಂದ ಮೇಲೆ ಗೆಳತಿಯರು, ನಾದಿನಿಯರು, ಮದುವೆಮನೆಯಲ್ಲಿ ಪಕ್ಕದ ಕುರ್ಚಿಗೆ ಸಿಕ್ಕವರು ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟುಮಾಡಿದ್ದೇನೆ. ಕ್ರಮವೇನೂ ಇಲ್ಲ. ಹೇಳಲು ಹೆಚ್ಚಿದ್ದ ಕಡೆ ಉತ್ತರ ಉದ್ದವಾಗಿದೆ, ಅಷ್ಟೆ.

ತೊಡುಗೆ ಅಂದರೆ ಇಲ್ಲಿ ಏನೇನು ಲೆಕ್ಕ?

ನಾವು ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ಕುಂಕುಮ ಇಡುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಮೈಮೇಲಿನ ಒಂದೊಂದಕ್ಕೂ ಒಂದೊಂದು ಕ್ರಿಯಾಪದ. ಫ್ರೆಂಚರಿಗೆ 'ಪೋರ್ತೆ' ಅಂದರೆ ಮುಗಿಯಿತು. ಕೋಟು, ಕನ್ನಡಕ, ಉಂಗುರ, ಅತ್ತರು, ಎಲ್ಲಕ್ಕೂ ಅದೇ; 'ಹೊರು' ಅನ್ನುವುದಕ್ಕೂ ಅದೇ. ಇಲ್ಲಿ ತೊಡುಗೆ ಅಂದಾಗ ಸ್ಕಾರ್ಫ್, ಕೈಚೀಲ, ಟೋಪಿ, ಶೂ, ಒಡವೆ, ಬೆಲ್ಟು, ಕೈಗವಸು, ಕೂದಲ ಕ್ಲಿಪ್ಪು ಎಲ್ಲವನ್ನೂ ಸೇರಿಸಿಕೊಂಡಿದ್ದೇನೆ. ಅತ್ತರನ್ನೂ ಸೇರಿಸಿದ್ದೇನೆ. ಯಾಕೆಂದು ಕೆಳಗೆ ಗೊತ್ತಾಗುತ್ತದೆ.

ಫ್ರೆಂಚ್ ಹೆಂಗಸರು ಏನೂ ಕಷ್ಟಪಡದೆ ಅಷ್ಟು ಚೆಂದ ಕಾಣುತ್ತಾರಾ?

ಇಲ್ಲ. ನನ್ನಜ್ಜಿ ಎರಡೇ ನಿಮಿಷದಲ್ಲಿ ಸೀರೆ ಉಟ್ಟು ಹೊರಬರುತ್ತಿದ್ದರು, ನೆರಿಗೆ ಒಂದಿಷ್ಟೂ ಅತ್ತಿತ್ತ ಆಗುತ್ತಿರಲಿಲ್ಲ. ಆ ಎರಡು ನಿಮಿಷದ ಹಿಂದೆ ಅರವತ್ತು ವರ್ಷದ ರೂಢಿಯಿತ್ತು. ಲಿಯೋನಿನಲ್ಲಿ ನನ್ನ ಎದುರುಮನೆಯಲ್ಲಿದ್ದ ನಿವೃತ್ತ ಶಿಕ್ಷಕಿಯದೂ ಅದೇ ಕಥೆ. ಕಡುನೀಲಿ ಸ್ವೆಟರು, ಬೂದು ಪ್ಯಾಂಟು, ಕುತ್ತಿಗೆಯಲ್ಲೊಂದು ಸ್ಕಾರ್ಫು. ನೋಡಿದರೆ ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಬ್ರೆಡ್ ತರಲು ಹೊರಟಂತೆ. ಆದರೆ ಆ ಪ್ಯಾಂಟಿನ ಅಂಚನ್ನು ದರ್ಜಿ ಎರಡು ಸಲ ಬಿಚ್ಚಿ ಹೊಲಿದಿದ್ದ, ಸ್ವೆಟರಿನ ಗಂಟುಗಳನ್ನು ಆಕೆ ಭಾನುವಾರ ಕೂತು ಒಂದೊಂದಾಗಿ ತೆಗೆಯುತ್ತಿದ್ದಳು, ಬಾಗಿಲ ಪಕ್ಕದ ಕನ್ನಡಿಯ ಮುಂದೆ ಸ್ಕಾರ್ಫನ್ನು ಕಟ್ಟಿ ಆಮೇಲೆ ಬೇಕೆಂದೇ ಸ್ವಲ್ಪ ಸಡಿಲಿಸುತ್ತಿದ್ದಳು. ಆ ಸಡಿಲಿಸುವುದೇ ಇಡೀ ವಿದ್ಯೆ. ಮನೆಯೊಳಗೆ ಪಟ್ಟ ಪಾಡು ಬೀದಿಯಲ್ಲಿ ಕಾಣಕೂಡದು.

ಕೂದಲಿಗೂ ಇದೇ ಮಾತು. ಎದ್ದು ಹಾಗೇ ಬಂದಂತಿರುವ ಆ ಕೆದರಿದ ಕೂದಲಿಗೆ ಒಳ್ಳೆಯ ಕತ್ತರಿಯ ಕೈ ಬೇಕು, ಆ ಕೈಗೆ ಕೈತುಂಬ ದುಡ್ಡೂ ಬೇಕು.

ಫ್ರೆಂಚ್ ಅಂದರೆ ಇಡೀ ಫ್ರಾನ್ಸಾ, ಪ್ಯಾರಿಸ್ ಮಾತ್ರವಾ?

ಮಾತು ಪ್ಯಾರಿಸ್ಸಿನದು, ಸರಕು ಹಳ್ಳಿಯದು. 'ಪ್ಯಾರಿಸ್ ಹೆಣ್ಣು' ಎಂಬ ಬೊಂಬೆಯನ್ನು ಆ ನಗರ ಬಲು ಹಿಂದೆಯೇ ಕಡೆದಿಟ್ಟುಕೊಂಡಿತ್ತು. ಅಕ್ಷರಶಃ ಕಡೆದದ್ದೇ: 1900ರ ವಿಶ್ವ ವಸ್ತುಪ್ರದರ್ಶನದ ಹೆಬ್ಬಾಗಿಲ ನೆತ್ತಿಯ ಮೇಲೆ 'ಲಾ ಪಾರಿಸಿಯೆನ್' ಎಂಬ ದೊಡ್ಡ ಪ್ರತಿಮೆ ನಿಲ್ಲಿಸಿದ್ದರು. ಶಿಲ್ಪಿ ಮೊರೊ-ವೊತಿಯೆ, ಉಡುಪಿನ ವಿನ್ಯಾಸ ಆ ಕಾಲದ ಹೆಸರಾಂತ ವಸ್ತ್ರವಿನ್ಯಾಸಕಿ ಜಾನ್ ಪಾಕ್ಯಾಂದು. ಗ್ರೀಕ್ ದೇವತೆ ನಿಲ್ಲಬೇಕಾದ ಜಾಗದಲ್ಲಿ ಅಂದಿನ ಫ್ಯಾಷನ್ನಿನ ಹೆಂಗಸು! ಆಗಲೇ ಬಹಳ ಮಂದಿ ಬೈದರು.

ಬೆರೆ ಎಂಬ ದುಂಡನೆಯ ಚಪ್ಪಟೆ ಟೋಪಿ ಸ್ಪೇನ್ ಗಡಿಯ ಪಿರನೀಸ್ ಬೆಟ್ಟದ ಕುರಿಗಾಹಿಗಳದು. ಪಟ್ಟೆ ಅಂಗಿ ನೌಕಾಪಡೆಯ ನಾವಿಕರದು. 1858ರ ಆದೇಶದಲ್ಲಿ ಅದರ ಬಿಳಿ ಪಟ್ಟೆ 21, ನೀಲಿ ಪಟ್ಟೆಯ ಅಗಲ 10 ಮಿಲಿಮೀಟರ್ ಎಂದು ಬರೆದಿಟ್ಟಿದ್ದರು. ಸೆಣಬಿನ ಶೂ ಅದೇ ಗಡಿಯ ಬಾಸ್ಕ್ ನಾಡಿನ ರೈತರದು. ಅತಿ ದುಬಾರಿ ಕೈಚೀಲ ಮಾಡುವ ಎರ್ಮೆಸ್ 1837ರಲ್ಲಿ ಶುರುವಾದದ್ದು ಕುದುರೆಯ ಲಗಾಮು, ಸರಂಜಾಮು ಹೊಲಿಯುವ ಅಂಗಡಿಯಾಗಿ. ದುಡಿಮೆಗೆಂದು ಹುಟ್ಟಿದ್ದು ಊರು ಬಿಟ್ಟು ಪ್ಯಾರಿಸ್ಸಿಗೆ ಬಂದು ಶೋಕಿಯಾಯಿತು. ಅವರ ತೊಡುಗೆಗಳಲ್ಲಿ ಯಾವುದನ್ನು ಕೆದಕಿದರೂ ಬಹುಪಾಲು ಹೀಗೊಂದು ಕಸುಬಿನ ಕಥೆ ಸಿಗುತ್ತದೆ.

ಇನ್ನೊಂದು ತಮಾಷೆ. 'ಫ್ರೆಂಚ್ ಶೈಲಿ' ಎಂದು ಜಗತ್ತು ತೋರಿಸುವ ನಟಿ, ಗಾಯಕಿ ಜೇನ್ ಬರ್ಕಿನ್ ಹುಟ್ಟಿದ್ದು ಲಂಡನ್ನಿನಲ್ಲಿ. ಗಿಡ್ಡ ಕೂದಲಿನ ನಟಿ ಜೀನ್ ಸೀಬರ್ಗ್ ಅಮೆರಿಕದವಳು. ಪ್ಯಾರಿಸ್ಸಿನಲ್ಲಿ ದೊಡ್ಡ ಮಟ್ಟದ ವಸ್ತ್ರವಿನ್ಯಾಸದ ಮನೆಯನ್ನು ಮೊದಲು ಕಟ್ಟಿದ ಚಾರ್ಲ್ಸ್ ಫ್ರೆಡರಿಕ್ ವರ್ತ್ ಇಂಗ್ಲೆಂಡಿನವನು. ಹೀಗಿರುವಾಗ ಅದು ರಕ್ತದಲ್ಲೇ ಬರುತ್ತದೆ ಎನ್ನುವವರ ಮಾತನ್ನು ನಾನಂತೂ ನಂಬುವುದಿಲ್ಲ.

ಬಟ್ಟೆ ಸಾದಾ ಇಟ್ಟು ತೊಡುಗೆಗೆ ಅಷ್ಟು ಮಹತ್ವ ಯಾಕೆ?

ಮೊದಲನೆಯದಾಗಿ ಜಾಗ. ಪ್ಯಾರಿಸ್ಸಿನ ಮನೆಗಳು ಚಿಕ್ಕವು, ಬೀರು ಇನ್ನೂ ಚಿಕ್ಕದು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಜನ. ಒಂದು ಕಪ್ಪು ಸ್ವೆಟರನ್ನು ಐದು ಸ್ಕಾರ್ಫು ಐದು ಬಟ್ಟೆಯಾಗಿಸುತ್ತದೆ, ಆ ಐದೂ ಒಂದು ಡ್ರಾಯರಿನಲ್ಲಿ ಹಿಡಿಸುತ್ತವೆ.

ಎರಡನೆಯದು ಚಳಿ. ವರ್ಷದಲ್ಲಿ ಅರ್ಧ ಭಾಗ ಕೋಟಿನೊಳಗೇ ಕಳೆಯುವ ಊರಿನಲ್ಲಿ ಕೋಟಿನಾಚೆ ಕಾಣುವುದೇನು? ಕುತ್ತಿಗೆ, ಕೈ, ಕಾಲು, ತಲೆ. ಒಳಗೆ ಏನು ಉಟ್ಟಿದ್ದೀರೆಂದು ಯಾರಿಗೂ ಗೊತ್ತಾಗದು.

ಮೂರನೆಯದು ಬರಗಾಲದ ನೆನಪು. 1940ರಿಂದ 44ರವರೆಗೆ ಜರ್ಮನರ ಹಿಡಿತದಲ್ಲಿದ್ದ ಪ್ಯಾರಿಸ್ಸಿನಲ್ಲಿ ಬಟ್ಟೆಗೆ ಪಡಿತರ ಚೀಟಿ. ತೊಗಲು ಸೈನ್ಯದ ಪಾಲಾಗಿ ಹೆಂಗಸರು ಮರದ ಅಟ್ಟೆಯ ಶೂ ಮೆಟ್ಟಿ ಟಕಟಕ ನಡೆದರು. ಕರೆಂಟಿಲ್ಲದೆ ಕ್ಷೌರದಂಗಡಿಗಳಲ್ಲಿ ಕೂದಲು ಒಣಗಿಸುವಂತಿರಲಿಲ್ಲ, ಹಾಗಾಗಿ ಇದ್ದ ಬಟ್ಟೆಯ ತುಂಡನ್ನು ತಲೆಗೆ ಪೇಟದಂತೆ ಸುತ್ತಿಕೊಂಡರು. ಲೇಖಕಿ ಸಿಮೋನ್ ದ ಬೋವ್ವಾರ್ ಚಿತ್ರಗಳಲ್ಲಿ ಕಾಣುವ ಪೇಟ ಆ ದಿನಗಳ ಅಭ್ಯಾಸ. ಯುದ್ಧ ಮುಗಿದರೂ ಆಕೆ ಬಿಡಲಿಲ್ಲ. ಹೊಸ ಬಟ್ಟೆ ಹೊಲಿಸಲಾಗದ ವರ್ಷಗಳಲ್ಲಿ ಟೋಪಿಯೊಂದೇ ಮೆರೆಯುವ ಜಾಗ. ಹಳೆ ರಿಬ್ಬನ್ನು, ಗರಿ, ಕೊನೆಗೆ ಕಾಗದ, ಏನು ಸಿಕ್ಕರೆ ಅದರಿಂದ ಟೋಪಿ ಕಟ್ಟಿದರು.

ಸ್ಕಾರ್ಫ್ ಬಗ್ಗೆ ಅಷ್ಟು ಹೇಳುತ್ತಾರಲ್ಲ, ಅದರಲ್ಲೇನಿದೆ?

ರೇಷ್ಮೆ ಇದೆ, ಮತ್ತು ಲಿಯೋನ್ ಇದೆ. ಶತಮಾನಗಳ ಕಾಲ ಫ್ರಾನ್ಸಿನ ರೇಷ್ಮೆ ನೇಯ್ದ ಊರು ಅದು. ಕ್ರುವಾ-ರೂಸ್ ಎಂಬ ಗುಡ್ಡದ ಮೇಲಿನ ನೇಕಾರರ ಮನೆಗಳಿಗೆ ಇಂದಿಗೂ ಎತ್ತರದ ಸೂರು. ಒಳಗೆ ಮಗ್ಗ ನಿಲ್ಲಬೇಕಿತ್ತಲ್ಲ, ಅದಕ್ಕೆ. ದೊಡ್ಡಬಳ್ಳಾಪುರದ ನೇಕಾರರ ಬಾಯಲ್ಲಿ ದಿನನಿತ್ಯ ಬರುವ 'ಜಕಾರ್ಡ್' ಇದೆಯಲ್ಲ, ಅದು ಲಿಯೋನಿನ ಜೋಸೆಫ್ ಮರಿ ಜಕಾರ್ ಎಂಬಾತನ ಹೆಸರು. 1804ರ ಹೊತ್ತಿಗೆ ತೂತು ಕೊರೆದ ರಟ್ಟುಗಳಿಂದ ವಿನ್ಯಾಸ ನೇಯುವ ಯಂತ್ರ ಮಾಡಿದವನು. ಆ ಹೆಸರು ಕ್ರುವಾ-ರೂಸ್ ಗುಡ್ಡದಲ್ಲಿ ಮೊದಲ ಸಲ ಕಿವಿಗೆ ಬಿದ್ದಾಗ ನನಗೆ ನೆನಪಾದದ್ದು ನಮ್ಮೂರಿನ ಪವರ್‌ಲೂಮ್ ಸದ್ದೇ.

ಎರ್ಮೆಸ್ ತನ್ನ ಚೌಕ ಸ್ಕಾರ್ಫನ್ನು 1937ರಲ್ಲಿ ಹೊರತಂದಿತು. ಅಳತೆ 90 ಸೆಂಟಿಮೀಟರಿಗೆ 90. ಅವರು ಅದನ್ನು 'ಕಾರೆ', ಅಂದರೆ ಚೌಕ, ಎಂದಷ್ಟೇ ಕರೆಯುತ್ತಾರೆ. ಬಟ್ಟೆ ಟ್ವಿಲ್ ನೇಯ್ಗೆಯದು. ಕಣ್ಣಿಗೆ ಹತ್ತಿರ ಹಿಡಿದರೆ ಓರೆ ಗೆರೆಗಳು ಕಾಣುತ್ತವೆ. ಆ ಓರೆಯಿಂದಲೇ ಅದಕ್ಕೆ ಒಂದು ತೂಕ, ಗಂಟು ಹಾಕಿದರೆ ಜಾರದ ಗುಣ. ಬಣ್ಣವೊಂದಕ್ಕೆ ಒಂದು ಚೌಕಟ್ಟು ಇಟ್ಟು, ಒಂದರ ಮೇಲೊಂದು ಅಚ್ಚು ಹಾಕುತ್ತಾರೆ. ಅಂಚನ್ನು ಕೈಯಲ್ಲಿ ಸುರುಳಿ ಸುತ್ತಿ ಹೊಲಿಯುತ್ತಾರೆ. ಆ ಸುರುಳಿ ಮುಖದ ಕಡೆಗೆ ತಿರುಗಿರುತ್ತದೆ, ದುಂಡಗೆ ಉಬ್ಬಿರುತ್ತದೆ. ಇಸ್ತ್ರಿ ಹಾಕಿ ಅದನ್ನು ಚಪ್ಪಟೆ ಮಾಡಿದರೆ ಸ್ಕಾರ್ಫಿನ ಜೀವ ಹೋದಂತೆ.

ಇದರ ಬೆಲೆ ಕೇಳಿ ಎದೆ ಹಿಡಿದುಕೊಳ್ಳಬೇಡಿ. ಬೀದಿಯಲ್ಲಿ ಕಾಣುವ ನೂರು ಸ್ಕಾರ್ಫಿನಲ್ಲಿ ಬಹುಪಾಲು ಎರ್ಮೆಸ್ಸಿನವಲ್ಲ. ಅಜ್ಜಿಯದು, ಸಂತೆಯದು, ಹತ್ತಿಯದು, ಯಾವುದೋ ಪ್ರವಾಸದಲ್ಲಿ ರಾಜಸ್ಥಾನದಿಂದ ತಂದದ್ದು.

ಹಾಗಾದರೆ ಕಟ್ಟುವುದು ಹೇಗೆ?

ಚೌಕವನ್ನು ಮೂಲೆಯಿಂದ ಮೂಲೆಗೆ ಮಡಚಿ, ತ್ರಿಕೋನದ ತುದಿ ಎದೆಯ ಮೇಲೆ ಬರುವಂತೆ ಇಟ್ಟು, ಉಳಿದೆರಡು ತುದಿಗಳನ್ನು ಕುತ್ತಿಗೆ ಸುತ್ತಿಸಿ ಮುಂದೆ ತಂದು ತ್ರಿಕೋನದ ಕೆಳಗೆ ಸಡಿಲವಾಗಿ ಗಂಟು ಹಾಕಿ. ಕನ್ನಡಿ ನೋಡಿ, ಬೆರಳು ತೂರಿಸಿ ಸ್ವಲ್ಪ ಎಳೆದುಬಿಡಿ. ಇದೊಂದು ಸಾಕು. ಇಪ್ಪತ್ತೈದು ಬಗೆಯ ಗಂಟು ತೋರಿಸುವ ವಿಡಿಯೋಗಳನ್ನು ನಾನೂ ನೋಡಿದ್ದೇನೆ. ಆ ಎದುರುಮನೆಯಾಕೆಗೆ ಮೂರೇ ಗಂಟು ಗೊತ್ತಿದ್ದದ್ದು.

ಚಿಕ್ಕ ಚೌಕವಾದರೆ ಬ್ಯಾಗಿನ ಹಿಡಿಗೆ, ಮಣಿಕಟ್ಟಿಗೆ, ಜಡೆಗೆ. ಕೈಗೆ ಪೆಟ್ಟಾದಾಗ ಹಾಲಿವುಡ್ ನಟಿ ಗ್ರೇಸ್ ಕೆಲ್ಲಿ ಎರ್ಮೆಸ್ಸಿನ ದೊಡ್ಡ ಚೌಕವನ್ನೇ ಜೋಲಿ ಮಾಡಿಕೊಂಡಿದ್ದಳು.

ಕಾಶ್ಮೀರದ ಶಾಲಿಗೂ ಪ್ಯಾರಿಸ್ಸಿಗೂ ಏನು ಸಂಬಂಧ?

ಬಹಳ ಹತ್ತಿರದ ಸಂಬಂಧ. ಫ್ರೆಂಚ್ ಕ್ರಾಂತಿಯ ನಂತರದ ವರ್ಷಗಳಲ್ಲಿ ಪ್ಯಾರಿಸ್ಸಿನ ಹೆಂಗಸರು ಗ್ರೀಕ್ ಪ್ರತಿಮೆಗಳಂತೆ ಕಾಣಲು ಬಿಳಿ ಮಸ್ಲಿನ್ನಿನ ಉದ್ದ ಅಂಗಿ ಹಾಕತೊಡಗಿದರು. ಅತ್ಯುತ್ತಮ ಮಸ್ಲಿನ್ ನಮ್ಮ ಬಂಗಾಳದ್ದು, ಉಸಿರು ಬಿಟ್ಟರೆ ಹಾರುವಷ್ಟು ತೆಳು. ಅದರಿಂದ ಎರಡು ಫಜೀತಿಯಾಯಿತು. ಒಂದು, ಚಳಿ. ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆಗೆ ಹೋದ ಅಧಿಕಾರಿಗಳು ಅಲ್ಲಿ ಕಂಡ ಕಾಶ್ಮೀರಿ ಶಾಲುಗಳನ್ನು ಮನೆಗೆ ಕಳಿಸಿದರು, ಅದು ಹುಚ್ಚಾಗಿ ಹಬ್ಬಿತು. ನೆಪೋಲಿಯನ್ನನ ಹೆಂಡತಿ, ಸಾಮ್ರಾಜ್ಞಿ ಜೋಸೆಫೀನ್ ಲೆಕ್ಕವಿಲ್ಲದಷ್ಟು ಶಾಲು ಇಟ್ಟುಕೊಂಡಿದ್ದಳು. ಗ್ರೋ ಎಂಬ ಚಿತ್ರಕಾರ ಬರೆದ ಆಕೆಯ ಚಿತ್ರದಲ್ಲಿ ಅಂಗಿಯೇ ಶಾಲಿನದು, ಮೇಲೆ ಹೊದ್ದದ್ದು ಇನ್ನೊಂದು ಶಾಲು. ಆಮೇಲೆ ಲಿಯೋನ್, ನೀಮ್, ಪ್ಯಾರಿಸ್ಸಿನ ನೇಕಾರರು ಜಕಾರ್ಡ್ ಮಗ್ಗದಲ್ಲಿ ಅದರ ಮಾವಿನಕಾಯಿ ಬುಟ್ಟಾವನ್ನು ಅಗ್ಗಕ್ಕೆ ನಕಲು ಮಾಡಿದರು. ಇಂದು ನಕಲಿ ಬ್ಯಾಗಿಗೆ ಕೆಂಡ ಕಾರುವ ಫ್ರಾನ್ಸಿಗೆ ಈ ಕಥೆಯನ್ನು ಒಮ್ಮೆ ನೆನಪಿಸಬೇಕು ಅನಿಸುತ್ತದೆ.

ಎರಡನೇ ಫಜೀತಿ ಮುಂದಿನ ಪ್ರಶ್ನೆಯಲ್ಲಿದೆ.

ಕೈಚೀಲ ಹೆಂಗಸರ ಕೈಗೆ ಬಂದದ್ದು ಯಾವಾಗ?

ಜೇಬು ಹೋದಾಗ. ಅದಕ್ಕೂ ಹಿಂದಿನ ದೊಗಲೆ ಲಂಗಗಳ ಒಳಗೆ ಸೊಂಟಕ್ಕೆ ಕಟ್ಟಿದ ಚೀಲದಂಥ ಜೇಬುಗಳಿದ್ದವು, ನಮ್ಮ ಅಜ್ಜಿಯರ ಎಲೆಅಡಿಕೆ ಸಂಚಿಯ ಹಾಗೆ. ಮಸ್ಲಿನ್ ಅಂಗಿಯೊಳಗೆ ಅದು ಗಡ್ಡೆಯಂತೆ ಉಬ್ಬಿ ಕಾಣುತ್ತಿತ್ತು. ಜೇಬು ಹೊರಗೆ ಬಂದು ದಾರದ ಕೈಚೀಲವಾಯಿತು. ಅದರ ಹೆಸರು 'ರೆತಿಕ್ಯೂಲ್'. ಕುಹಕಿಗಳು 'ರಿದಿಕ್ಯೂಲ್' ಅಂದರು, ಹಾಸ್ಯಾಸ್ಪದ ಅಂತ.

ಆಮೇಲಿನ ಹೆಸರುವಾಸಿ ಬ್ಯಾಗುಗಳೂ ಒಂದಲ್ಲ ಒಂದು ಕೊರತೆ ನೀಗಿಸಲು ಬಂದವೇ. ವಸ್ತ್ರವಿನ್ಯಾಸಕಿ ಕೊಕೊ ಶನೆಲ್ 1955ರ ಫೆಬ್ರವರಿಯಲ್ಲಿ ತಂದ ಬ್ಯಾಗಿಗೆ ಆ ತಿಂಗಳು-ವರ್ಷವೇ ಹೆಸರು, 2.55. ಹೆಗಲಿಗೆ ಹಾಕುವ ಸರಪಳಿ ಅದರ ಜೀವಾಳ. ಕೈಯಲ್ಲಿ ಹಿಡಿಯುವ ಪರ್ಸನ್ನು ಎಲ್ಲೆಲ್ಲೋ ಬಿಟ್ಟುಬರುವ ಕಾಟ ತಪ್ಪಿತು, ಎರಡೂ ಕೈ ಬಿಡುಗಡೆಯಾದವು. 1984ರಲ್ಲಿ ಬಂದ ಬರ್ಕಿನ್ ಬ್ಯಾಗು ವಿಮಾನದಲ್ಲಿ ಹುಟ್ಟಿದ್ದು: ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೋಗುವಾಗ ಜೇನ್ ಬರ್ಕಿನ್ ಪಕ್ಕದಲ್ಲಿ ಕೂತಿದ್ದವರು ಎರ್ಮೆಸ್ಸಿನ ಮುಖ್ಯಸ್ಥ ಜಾನ್-ಲೂಯಿ ದ್ಯುಮಾ. ಎಳೆಮಕ್ಕಳ ತಾಯಿಗೆ ಬೇಕಾದಷ್ಟು ದೊಡ್ಡ ಚೀಲ ಎಲ್ಲೂ ಸಿಗುವುದಿಲ್ಲ ಅನ್ನುವುದು ಆಕೆಯ ದೂರು.

ಅದಕ್ಕೆ ಮುಂಚೆ ಆಕೆ ವರ್ಷಗಟ್ಟಲೆ ಹೊತ್ತದ್ದು ಪೋರ್ಚುಗಲ್ಲಿನ ಒಂದು ಬೆತ್ತದ ಬುಟ್ಟಿ. ನಮ್ಮ ಕಡೆ ಹೂ ಮಾರುವವರ ಬುಟ್ಟಿಯಂಥದ್ದು, ಮುಚ್ಚಳ ಬೇರೆ. ರೇಷ್ಮೆ ಗೌನು ಹಾಕಿದ ಸಮಾರಂಭಕ್ಕೂ ಅದೇ. ಎರ್ಮೆಸ್ಸಿನ ಹೊಸ ಬ್ಯಾಗು ಬಂದಾಗ ಆ ಬ್ಯಾಗಿಗೂ ಸ್ಟಿಕ್ಕರ್ ಅಂಟಿಸಿ, ಉಗುರು ಕತ್ತರಿ ನೇತುಹಾಕಿ, ಉಬ್ಬುವಷ್ಟು ತುಂಬಿ ಒಡ್ಡೊಡ್ಡಾಗಿ ಬಳಸಿದಳು. 1994ರಲ್ಲಿ ಏಡ್ಸ್ ರೋಗಿಗಳ ನೆರವಿಗೆ ಅದನ್ನು ಕೊಟ್ಟುಬಿಟ್ಟಳು. ಆ ಮೊದಲ ಬ್ಯಾಗು 2025ರ ಜುಲೈನಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ 86 ಲಕ್ಷ ಯೂರೋಗೆ ಹೋಯಿತು, ಉಗುರು ಕತ್ತರಿಯ ಸಮೇತ. ಈಗ ಅದೇ ಹೆಸರಿನ ಬ್ಯಾಗು ಕೊಂಡವರು ಮಳೆ ಹನಿಸಿದರೆ ಅದನ್ನು ಕೋಟಿನೊಳಗೆ ಬಚ್ಚಿಡುತ್ತಾರೆ. ಬ್ಯಾಗು ಕೊಂಡರು, ಅದನ್ನು ಹೊರುವ ಧೈರ್ಯವನ್ನು ಕೊಳ್ಳಲಾಗಲಿಲ್ಲ.

ಮೆಟ್ರೋದಲ್ಲಿ ನೀವು ನಿಜಕ್ಕೂ ಕಾಣುವುದು ಲೋಂಶಾಂ ಕಂಪನಿಯ 'ಪ್ಲಿಯಾಜ್'. 1993ರದು, ನೈಲಾನ್ ಚೀಲ, ತೊಗಲಿನ ಹಿಡಿ, ಕಾಗದ ಮಡಿಸುವ ಜಪಾನಿ ಕಲೆಯಂತೆ ಮಡಿಸಿದರೆ ಪುಸ್ತಕದಷ್ಟಾಗುತ್ತದೆ. ಕಾಲೇಜು ಹುಡುಗಿಯಿಂದ ಅಜ್ಜಿಯವರೆಗೆ ಎಲ್ಲರಲ್ಲೂ ಇದೆ.

ಬೆರೆ ಟೋಪಿಯನ್ನು ಯಾರಾದರೂ ಹಾಕುತ್ತಾರಾ, ಬರೀ ಪ್ರವಾಸಿಗರಾ?

ಪ್ಯಾರಿಸ್ಸಿನಲ್ಲಿ ಕೆಂಪು ಬೆರೆ ಹಾಕಿ ಐಫೆಲ್ ಗೋಪುರದ ಮುಂದೆ ನಿಂತವರು ಪ್ರವಾಸಿಗರೇ, ಕಣ್ಣುಮುಚ್ಚಿ ಹೇಳಬಹುದು. ಕಪ್ಪು, ಕಡುನೀಲಿ ಬೆರೆ ಚಳಿಗಾಲದಲ್ಲಿ ಸ್ಥಳೀಯರ ತಲೆಯ ಮೇಲೂ ಕಾಣುತ್ತದೆ. ಅಸಲು ಬೆರೆ ಉಣ್ಣೆಯಲ್ಲಿ ಹೆಣೆದದ್ದು. ಹೆಣೆದಾಗ ದೊಡ್ಡ ತಟ್ಟೆಯಷ್ಟಿರುತ್ತದೆ, ಬಿಸಿನೀರಿನಲ್ಲಿ ಬಡಿದು ಬಡಿದು ಕುಗ್ಗಿಸಿ ನಮ್ಮ ಕಂಬಳಿಯಂತೆ ಗಟ್ಟಿ ಮಾಡುತ್ತಾರೆ. ಮಳೆ ನೀರು ಬೇಗ ಇಳಿಯುವುದಿಲ್ಲ. ಕುರಿಗಾಹಿಗೆ ಬೇಕಾದದ್ದೂ ಅದೇ ತಾನೆ? ಒಲೊರೊನ್ ಎಂಬ ಪಿರನೀಸ್ ಬುಡದ ಊರಿನಲ್ಲಿ ಲೊಲೇರ್ ಎಂಬ ಕಾರ್ಖಾನೆ 1840ರಿಂದ ಮಾಡುತ್ತ ಬಂದಿದೆ.

ಟೋಪಿಯ ಮಾತು ಬಂದಾಗ ನವೆಂಬರ್ 25ರ ಸೇಂಟ್ ಕ್ಯಾಥರೀನ್ ಹಬ್ಬ ಬಿಡುವಂತಿಲ್ಲ. ಆ ದಿನಕ್ಕೆ 25 ತುಂಬಿಯೂ ಮದುವೆಯಾಗದ ಹೆಣ್ಣುಮಕ್ಕಳು ಹಸಿರು-ಹಳದಿಯ ಚಿತ್ರವಿಚಿತ್ರ ಟೋಪಿ ಹಾಕುವ ಪದ್ಧತಿ ಬೇರೆಡೆ ಮಾಸಿದ್ದರೂ ಪ್ಯಾರಿಸ್ಸಿನ ಹೊಲಿಗೆ ಮನೆಗಳಲ್ಲಿ ಉಳಿದಿದೆ. 'ಇನ್ನೂ ಮದುವೆ ಆಗಿಲ್ವಾ' ಅನ್ನುವ ಪ್ರಶ್ನೆಗೆ ಟೋಪಿಯನ್ನೇ ಹೊಲಿದ ಊರು.

ತಲೆಗೆ ಕಟ್ಟಿದ ಸ್ಕಾರ್ಫಿಗೆ ಅಲ್ಲಿ ಗಲಾಟೆ ಆಗುತ್ತದಲ್ಲ?

ಆಗುತ್ತದೆ. ಗಲ್ಲದ ಕೆಳಗೆ ಗಂಟು ಹಾಕಿ ಕಪ್ಪು ಕನ್ನಡಕ ಹಾಕಿದರೆ ಅದು ಸಿನಿಮಾ ತಾರೆಯ ಶೈಲಿ. ಅದೇ ಬಟ್ಟೆಯನ್ನು ಮುಸ್ಲಿಂ ಹುಡುಗಿ ಕೂದಲು ಮುಚ್ಚುವಂತೆ ಕಟ್ಟಿದರೆ ಸರ್ಕಾರಿ ಶಾಲೆಯ ಬಾಗಿಲಲ್ಲಿ ಬಿಚ್ಚಬೇಕು. 2004ರ ಕಾನೂನು ಎದ್ದುಕಾಣುವ ಧಾರ್ಮಿಕ ಚಿಹ್ನೆಗಳನ್ನು ಅಲ್ಲಿ ನಿಷೇಧಿಸಿದೆ. ಉಡುಪಿಯಲ್ಲಿ ಶುರುವಾದ 2022ರ ವಿವಾದವನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫ್ರೆಂಚ್ ಸ್ಕಾರ್ಫಿನ ಸೊಬಗನ್ನು ಹೊಗಳುವ ಬರಹಗಳು ಈ ಸಂಗತಿಯ ಹತ್ತಿರ ಸುಳಿಯುವುದಿಲ್ಲ. ನನಗದು ಸರಿ ಕಾಣುವುದಿಲ್ಲ.

ಪ್ಯಾರಿಸ್ಸಿನಲ್ಲಿ ಹೆಂಗಸರು ಪ್ಯಾಂಟ್ ಹಾಕಬಾರದೆಂಬ ಕಾನೂನು ಇತ್ತಂತೆ, ಹೌದಾ?

ಹೌದು. 1800ರ ಪೊಲೀಸ್ ಆದೇಶ. ಗಂಡಸರ ಉಡುಪು ಹಾಕಬೇಕಾದರೆ ಪರವಾನಗಿ ಬೇಕಿತ್ತು. 1892 ಮತ್ತು 1909ರಲ್ಲಿ ಒಂದಿಷ್ಟು ಸಡಿಲಿಸಿದರು: ಕೈಯಲ್ಲಿ ಸೈಕಲ್ಲಿನ ಹ್ಯಾಂಡಲ್ಲೋ ಕುದುರೆಯ ಲಗಾಮೋ ಇದ್ದರೆ ಪ್ಯಾಂಟಿಗೆ ಅಡ್ಡಿಯಿಲ್ಲ. ಎಂದೋ ಸತ್ತಿದ್ದ ಈ ಆದೇಶ ಸತ್ತಿದೆ ಎಂದು ಸರ್ಕಾರ ಹೇಳಿದ್ದು 2013ರಲ್ಲಿ!

ಶೂ? ಹೈ ಹೀಲ್ಸ್ ಕಡ್ಡಾಯವಾ?

ಕಲ್ಲುಹಾಸಿನ ಬೀದಿಯಲ್ಲಿ ಎರಡು ಮೆಟ್ರೋ ಬದಲಿಸಿ, ಲಿಫ್ಟಿಲ್ಲದ ಐದನೇ ಮಹಡಿ ಹತ್ತುವವರು ಹೀಲ್ಸ್ ಮೆಟ್ಟುವುದಿಲ್ಲ. ಚಪ್ಪಟೆ ಅಟ್ಟೆಯ ಬ್ಯಾಲೆರಿನಾ ಶೂ ಅವರ ಆಪದ್ಬಾಂಧವ. ರೋಸ್ ರೆಪೆತ್ತೊ 1947ರಲ್ಲಿ ಬ್ಯಾಲೆ ನರ್ತಕನಾಗಿದ್ದ ಮಗ ರೋಲಾಂ ಪೆತಿಗಾಗಿ ನೃತ್ಯದ ಶೂ ಹೊಲಿಯತೊಡಗಿದಳು. 1956ರಲ್ಲಿ, ಸ್ವತಃ ಬ್ಯಾಲೆ ಕಲಿತಿದ್ದ ನಟಿ ಬ್ರಿಜಿತ್ ಬಾರ್ದೊ ಬೀದಿಗೂ ಹಾಕುವಂಥದ್ದು ಬೇಕೆಂದಾಗ ಮಾಡಿಕೊಟ್ಟದ್ದು ಇಂದಿಗೂ ಮಾರಾಟದಲ್ಲಿದೆ. ಶೂವನ್ನು ಒಳಗು ಹೊರಗಾಗಿ ಹೊಲಿದು ಆಮೇಲೆ ಮಗುಚುತ್ತಾರೆ, ದಿಂಬಿನ ಕವರಿನಂತೆ. ಅದಕ್ಕೇ ಅಷ್ಟು ಮೆತ್ತಗೆ.

ಬೇಸಿಗೆಗೆ ಎಸ್ಪಾದ್ರಿಯ್: ಹಗ್ಗದ ಅಟ್ಟೆ, ಕ್ಯಾನ್ವಾಸ್ ಮೈ. ಫ್ರಾನ್ಸಿನಲ್ಲಿ ಇದರ ತವರು ಬಾಸ್ಕ್ ನಾಡಿನ ಮೊಲೆಯೊನ್, ಅಟ್ಟೆಯ ಸೆಣಬು ಬಂಗಾಳದ ಕಡೆಯದು. ನೀರು ಬಿದ್ದರೆ ಕೆಡುತ್ತದೆ. ಮಂಗಳೂರಿನ ಮಳೆಗಾಲಕ್ಕೆ ತರಬೇಡಿ.

ಒಡವೆ ಎಷ್ಟು ಹಾಕುತ್ತಾರೆ? ನಮ್ಮ ಕಣ್ಣಿಗೆ ಬೋಳು ಕಾಣುತ್ತಾರಲ್ಲ?

ಅವರ ಕಣ್ಣಿಗೆ ನಾವು ಅಂಗಡಿಯಂತೆ ಕಾಣುತ್ತೇವೆ, ಅದೂ ಇರಲಿ. ನಮಗೆ ಚಿನ್ನ ಒಡವೆಯೂ ಹೌದು, ಆಪತ್ತಿಗೆ ಅಡವಿಡುವ ಆಸ್ತಿಯೂ ಹೌದು. ಅವರಿಗೆ ಆ ಲೆಕ್ಕವಿಲ್ಲ. ಸಣ್ಣ ಸರ, ಅದರಲ್ಲಿ ನಾಮಕರಣದ ಪದಕ, ಅಜ್ಜಿಯ ಉಂಗುರ. ಹಗಲೂ ರಾತ್ರಿ ಅದೇ.

ಅಸಲು ನಕಲು ಬೆರೆಸಿ ಹಾಕುವ ಧೈರ್ಯ ಕಲಿಸಿದ್ದು ಶನೆಲ್. 1910ರಲ್ಲಿ ಪ್ಯಾರಿಸ್ಸಿನ ಕಾಂಬೋ ಬೀದಿಯಲ್ಲಿ ಟೋಪಿ ಅಂಗಡಿ ಇಟ್ಟು ಮೇಲೆ ಬಂದ ಈಕೆ 1920ರ ದಶಕದಲ್ಲಿ ಗಾಜಿನ ಮುತ್ತು, ಬಣ್ಣದ ಕಲ್ಲುಗಳನ್ನು ನಾಚಿಕೆಯಿಲ್ಲದೆ ಮಾರಿದಳು. 'ಕಡಿಮೆ ಹಾಕಿದಷ್ಟೂ ಚೆಂದ' ಎಂದು ಆಕೆಯ ಹೆಸರು ಹೇಳಿ ಬೋಧಿಸುವವರು ಆಕೆಯ ಫೋಟೋ ನೋಡಬೇಕು: ಕಪ್ಪು ಅಂಗಿಯ ಮೇಲೆ ನಾಲ್ಕೈದು ಎಳೆ ಮುತ್ತು, ಎರಡೂ ಕೈಗೆ ದಪ್ಪ ಕಡಗ, ತಲೆಗೆ ಟೋಪಿ. ಕಡಿಮೆಯಿದ್ದದ್ದು ಬಟ್ಟೆಯ ಬಣ್ಣ.

ಕೈಗವಸು, ಕ್ಲಿಪ್ಪುಗಳಂಥ ಚಿಲ್ಲರೆ ಸಾಮಾನಿಗೂ ಇತಿಹಾಸವಿದೆಯಾ?

ನನಗೆ ಅತ್ಯಂತ ಇಷ್ಟವಾದ ಕಥೆಗಳೇ ಅವು. ದಕ್ಷಿಣದ ಮಿಯೊ ಊರಿನ ಸುತ್ತಲ ಬೋಳು ಬೆಟ್ಟಗಳಲ್ಲಿ ಕುರಿ ಸಾಕುವುದು ಹಾಲಿಗೆ. ಆ ಹಾಲು ರೊಕ್‌ಫೋರ್ ಎಂಬ ನೀಲಿ ಬೂಷ್ಟಿನ ಚೀಸ್ ಆಗುತ್ತದೆ. ಹಾಲು ಚೀಸಿಗೆ ಬೇಕಾದ್ದರಿಂದ ಮರಿಗಳನ್ನು ಬೇಗ ಕಡಿಯುತ್ತಾರೆ, ಅವುಗಳ ಚರ್ಮ ಹೂವಿನೆಸಳಿನಷ್ಟು ಮೆತ್ತಗೆ. ಅದರಿಂದ ಮಿಯೊ ಕೈಗವಸಿನ ಊರಾಯಿತು. ಕೇಳಿದ ಮೇಲೆ ಹಾಕಿಕೊಳ್ಳಲು ಮನಸ್ಸು ಬರುವುದು ಕಷ್ಟ, ಒಪ್ಪುತ್ತೇನೆ.

ಕೂದಲ ಕ್ಲಿಪ್ಪಿನದು ಇನ್ನೊಂದು. ಸ್ವಿಸ್ ಗಡಿಯ ಹತ್ತಿರದ ಒಯೊನಾ ಊರಿನವರು ಮರದಲ್ಲಿ, ಕೊಂಬಿನಲ್ಲಿ, ಆಮೇಲೆ ಸೆಲ್ಯುಲಾಯ್ಡಿನಲ್ಲಿ ಬಾಚಣಿಗೆ ಮಾಡಿ ಬದುಕುತ್ತಿದ್ದರು. 1920ರ ದಶಕದಲ್ಲಿ ಹೆಂಗಸರು ಕೂದಲು ಕತ್ತರಿಸಿ ಗಿಡ್ಡ ಮಾಡಿಕೊಂಡಾಗ ಅಲಂಕಾರದ ಬಾಚಣಿಗೆಯ ವ್ಯಾಪಾರ ಕುಸಿಯಿತು. ಊರು ಕನ್ನಡಕದ ಫ್ರೇಮು, ಪ್ಲಾಸ್ಟಿಕ್ ಕಡೆ ಹೊರಳಿ ಉಳಿದುಕೊಂಡಿತು. ಈಗ ಬೆಂಗಳೂರಿನ ಫುಟ್‌ಪಾತಿನಲ್ಲೂ ಸಿಗುವ ಏಡಿಯ ಕೊಂಡಿಯಂಥ ಕ್ಲಿಪ್ಪೂ 1980ರ ದಶಕದಲ್ಲಿ ಹೊರಬಂದದ್ದು ಅಲ್ಲಿಂದಲೇ.

ಅತ್ತರನ್ನು ತೊಡುಗೆಗೆ ಯಾಕೆ ಸೇರಿಸಿದಿರಿ?

ಅತ್ತರಿನ ಊರಾದ ಗ್ರಾಸ್ ಮೊದಲು ಕೈಗವಸಿನ ಊರು. ಹದ ಮಾಡಿದ ತೊಗಲಿನ ನಾತ ಮುಚ್ಚಲು ಅದಕ್ಕೆ ಹೂವಿನ ಗಂಧ ಹಚ್ಚುತ್ತಿದ್ದರು. ಕೊನೆಗೆ ಕೈಗವಸು ಹೋಯಿತು, ಗಂಧ ಉಳಿಯಿತು.

ಇಲ್ಲಿ ನಮ್ಮದೂ ಪಾಲಿದೆ. 1916-17ರ ಹೊತ್ತಿಗೆ ಬೆಂಗಳೂರು, ಮೈಸೂರುಗಳಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆಗಳ ಶ್ರೀಗಂಧದ ಎಣ್ಣೆ ಫ್ರೆಂಚ್ ಅತ್ತರಿನವರಿಗೆ ದಶಕಗಟ್ಟಲೆ ಚಿನ್ನದಂಥ ಸರಕಾಗಿತ್ತು. ಅವರ ಬಾಯಲ್ಲಿ 'ಮೈಸೋರ್' ಅಂದರೆ ಊರಲ್ಲ, ಒಂದು ದರ್ಜೆ. ಗೆರ್ಲ್ಯಾಂ ಕಂಪನಿಯ 1989ರ 'ಸಂಸಾರ' ನಿಂತದ್ದೇ ಮಲ್ಲಿಗೆ ಮತ್ತು ಮೈಸೂರು ಗಂಧದ ಮೇಲೆ. ಆಮೇಲೆ ನಮ್ಮ ಕಾಡಿನಲ್ಲಿ ಗಂಧದ ಮರವೇ ಅಪರೂಪವಾಗಿ, ಅವರು ಆಸ್ಟ್ರೇಲಿಯದ ಗಂಧಕ್ಕೂ ಪ್ರಯೋಗಶಾಲೆಯ ಪರಿಮಳಕ್ಕೂ ತಿರುಗಿದರು.

ಇದಕ್ಕೆಲ್ಲ ಬಹಳ ದುಡ್ಡು ಬೇಕಲ್ಲ?

ಶ್ರೀಮಂತರ ಪ್ಯಾರಿಸ್ಸಿಗೆ ಬೇಕು. ಉಳಿದವರಿಗೆ ತಾಳ್ಮೆ ಬೇಕು. ರಿಯಾಯಿತಿ ಮಾರಾಟಕ್ಕೆ ಅಲ್ಲಿ ಸರ್ಕಾರವೇ ಕಾಲ ಗೊತ್ತುಮಾಡುತ್ತದೆ: ಚಳಿಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ, 2020ರಿಂದ ತಲಾ ನಾಲ್ಕು ವಾರ. ಒಂದು ಶೂ ಮೇಲೆ ಅಕ್ಟೋಬರಿನಲ್ಲಿ ಕಣ್ಣಿಟ್ಟು ಜನವರಿವರೆಗೆ ಕಾಯುವವರನ್ನು ನೋಡಿದ್ದೇನೆ.

ಹಳೆಯದನ್ನು ಕೊಳ್ಳುವುದರಲ್ಲಿ ಅವಮಾನವಿಲ್ಲ. ರಿಪೇರಿಯಲ್ಲೂ ಇಲ್ಲ; 2023ರ ಕೊನೆಯಲ್ಲಿ ಬಟ್ಟೆ-ಶೂ ರಿಪೇರಿಗೆ ಬಿಲ್ಲಿನಲ್ಲೇ ಕೆಲವು ಯೂರೋ ಕಳೆಯುವ ಯೋಜನೆ ಬಂತು. ಹಾಗೆಂದು ಎಲ್ಲರೂ ಸಂತರೇನಲ್ಲ. ಚೀನಾದಿಂದ ಬರುವ ಅಗ್ಗದ ಆನ್‌ಲೈನ್ ಬಟ್ಟೆ ಅಲ್ಲೂ ಪ್ರವಾಹದಂತೆ ಹರಿದಿದೆ. 2024ರ ಮಾರ್ಚ್‌ನಲ್ಲಿ ಅದಕ್ಕೆ ಕಡಿವಾಣ ಹಾಕುವ ಮಸೂದೆಯನ್ನು ಸಂಸತ್ತಿನ ಕೆಳಮನೆ ಒಪ್ಪಿತು. ಅಷ್ಟು ದೂರ ಹೋಗಬೇಕಾದರೆ ಕೊಳ್ಳುವವರೂ ಅಷ್ಟೇ ಇದ್ದಾರೆಂದಾಯಿತಲ್ಲ.

ನಕಲಿ ಬ್ಯಾಗು ಹಾಕಿಕೊಂಡು ಪ್ಯಾರಿಸ್ಸಿಗೆ ಹೋಗಬಹುದಾ?

ಬೇಡ. ಫ್ರಾನ್ಸಿನಲ್ಲಿ ನಕಲಿ ಮಾಲು ಮಾರುವುದಷ್ಟೇ ಅಲ್ಲ, ಹೊಂದಿರುವುದೂ ಅಪರಾಧ. ಕಸ್ಟಮ್ಸಿನವರು ಕಿತ್ತುಕೊಳ್ಳಬಹುದು, ದಂಡ ಹಾಕಬಹುದು. ಕಾನೂನಿನಲ್ಲಿ ಗರಿಷ್ಠ ಶಿಕ್ಷೆ 3 ವರ್ಷ ಸೆರೆ, 3 ಲಕ್ಷ ಯೂರೋ ದಂಡ. ಸಾದಾ ಬಟ್ಟೆಚೀಲ ಒಯ್ಯಿರಿ.

ಸೀರೆ, ಕುರ್ತಾಕ್ಕೆ ಈ ಶೈಲಿ ಹೊಂದುತ್ತದಾ?

ಸೀರೆಗೆ ಸ್ಕಾರ್ಫ್ ಕಟ್ಟಬೇಡಿ, ಸೆರಗಿದೆ. ಇಳಕಲ್ ಸೀರೆಗೆ ಅದರ ಕೆಂಪು ಸೆರಗೇ ತೊಡುಗೆ. ಸಾದಾ ಹತ್ತಿ ಕುರ್ತಾಕ್ಕೆ ಬೇಕಾದರೆ ಒಂದು ಚಿಕ್ಕ ರೇಷ್ಮೆ ಚೌಕ ನೋಡಿ, ಚೆನ್ನಾಗಿರುತ್ತದೆ. ನಮ್ಮ ಸೆಕೆಗೆ ಉಣ್ಣೆ, ದಪ್ಪ ಟ್ವಿಲ್ ಎರಡೂ ಶಿಕ್ಷೆಯೇ.

ಪ್ಯಾರಿಸ್ಸಿಗೆ ಹೋಗುತ್ತಿದ್ದೇನೆ, ಕೈಯಲ್ಲಿ 50 ಯೂರೋ ಇದೆ. ಏನು ತರಲಿ?

ಶನಿವಾರ ಅಥವಾ ಭಾನುವಾರ ಬೆಳಗ್ಗೆ ಬೇಗ ವಾಂವ್ ಹಳೆಸಾಮಾನಿನ ಸಂತೆಗೆ ಹೋಗಿ. ಸೇಂತ್-ವಾಂನದು ಇನ್ನೂ ದೊಡ್ಡದು, ಆದರೆ ಬೆಲೆಯೂ ದೊಡ್ಡದು. ರಾಶಿಯಲ್ಲಿ ರೇಷ್ಮೆ ಸ್ಕಾರ್ಫುಗಳು ಬಿದ್ದಿರುತ್ತವೆ. ಬ್ರಾಂಡಿನ ಹೆಸರು ಹುಡುಕಬೇಡಿ. ಅಂಚು ಕೈಯಲ್ಲಿ ಸುತ್ತಿ ಹೊಲಿದದ್ದಾ ಎಂದು ನೋಡಿ. ಹೊಲಿಗೆ ಒಂದೊಂದು ಕಡೆ ಒಂದೊಂದು ತರ ಇದ್ದರೆ ಕೈಯದು. ಮುಷ್ಟಿಯಲ್ಲಿ ಹಿಂಡಿ ಬಿಡಿ, ಸುಕ್ಕು ತಾನೇ ಬಿಚ್ಚಿಕೊಂಡರೆ ರೇಷ್ಮೆ ಇರಬಹುದು. ಬೆಳಕಿಗೆ ಹಿಡಿದು ತೂತು, ಕಲೆ ನೋಡಿ. 'ಬೋಂಜೂರ್' ಹೇಳದೆ ಬೆಲೆ ಕೇಳಿದರೆ ಮುದುಕಿಯರು ಮುಖ ತಿರುಗಿಸುತ್ತಾರೆ, ಅದನ್ನು ಮರೆಯಬೇಡಿ. ಉಳಿದ ದುಡ್ಡಿಗೆ ಕಾಫಿ ಕುಡಿಯಿರಿ.